ಹೂ ಮಳೆ, ರೇಟು, ಆನೆ: ರಾತ್ರಿ ಮೂರು ಗಂಟೆಯ ಲೆಕ್ಕ ನಿಲ್ಲಿಸೋದು ಹೇಗೆ?

ಹಾನುಬಾಳು_ರೋಬಸ್ಟಾ ಕೇಳಿದ್ದು:

ಸಕಲೇಶಪುರ ತಾಲ್ಲೂಕು, 6 ಎಕರೆ ಕಾಫಿ ತೋಟ. ನಾಲ್ಕು ರೋಬಸ್ಟಾ, ಎರಡು ಅರೇಬಿಕಾ, ಮರಕ್ಕೆ ಮೆಣಸು ಹಬ್ಬಿಸಿದೆ. ಕೆರೆ ನೀರು ಸ್ಪ್ರಿಂಕ್ಲರ್‌ಗೆ ಒಂದೂವರೆ ಸುತ್ತಿಗೆ ಬರುತ್ತೆ, ಅಂದ್ರೆ ಅಂದಾಜು ಆರು ಲಕ್ಷ ಲೀಟರ್.

ಪ್ರಶ್ನೆ ತೋಟದ್ದಲ್ಲ, ತಲೆದು. ಕಾಫಿ ಹೂ ಅರಳಿಸೋ ಹೂ ಮಳೆಗೆ ಕಾಯ್ತಾ ಫೆಬ್ರವರಿಯಿಂದ ಮೇ ತನಕ ಫೋನ್ ಕೈಬಿಡೋಲ್ಲ. ಹವಾಮಾನದ ಆ್ಯಪ್ ಮೂರು, ಕಾಫಿ ರೇಟಿನ ಮೆಸೇಜ್ ಗುಂಪು ನಾಲ್ಕು, ಆನೆ ಎಲ್ಲಿದೆ ಅಂತ ತಿಳಿಸೋ ಗುಂಪು ಎರಡು. ಒಂದು ಆ್ಯಪ್ ಮಳೆ ಅನ್ನುತ್ತೆ, ಇನ್ನೊಂದು ಇಲ್ಲ ಅನ್ನುತ್ತೆ, ಅದಕ್ಕೆ ಮೂರನೇದು ತೆಗೆಯೋದು. ರಾತ್ರಿ ಮೂರಕ್ಕೆ ಎಚ್ಚರ, ಐದರ ತನಕ ನೀರಿನ ಲೆಕ್ಕ, ಸಾಲದ ಲೆಕ್ಕ. ಎದೆ ಹೊಡ್ಕೊಳ್ಳುತ್ತೆ.

ಗೊತ್ತಿರೋರು ಹೇಳಿ: ಇದರಲ್ಲಿ ಯಾವುದನ್ನ ದಿನಕ್ಕೆ ಎಷ್ಟು ಸಲ ನೋಡ್ಬೇಕು? ಮೂರು ಗಂಟೆ ಲೆಕ್ಕಕ್ಕೆ ಏನು ಮಾಡ್ಬೇಕು? ಯಾವ ಹಂತದಲ್ಲಿ ಡಾಕ್ಟ್ರ ಹತ್ರ ಹೋಗ್ಬೇಕು? "ಧೈರ್ಯವಾಗಿರಿ" ಅನ್ನೋ ಉತ್ತರ ಬೇಡ, ಅದು ಮನೇಲೇ ಧಾರಾಳವಾಗಿ ಸಿಗ್ತಿದೆ.

---

ಆಪ್ತಸಮಾಲೋಚಕಿ_ಹಾಸನ:

ಸಾರ್, ಮೊದಲು ಈ ಮೂರನೇ ಆ್ಯಪ್ ವಿಷಯ. ಅನುಮಾನ ಬಂದಾಗ ಫೋನ್ ನೋಡಿದ್ರೆ ಐದು ನಿಮಿಷ ಹಗುರ ಅನ್ಸುತ್ತೆ. ಆ ಹಗುರಾನೇ ಬಲೆ. "ನೋಡಿದ್ದಕ್ಕೆ ಸಮಾಧಾನ ಆಯ್ತು" ಅಂತ ಮಿದುಳು ಕಲೀತದೆ, ಮುಂದಿನ ಸಲ ಇನ್ನೂ ಬೇಗ ನೋಡು ಅನ್ನುತ್ತೆ. ಮಳೆ ಬರುತ್ತೋ ಇಲ್ವೋ ಅನ್ನೋದು ಮಾತ್ರ ಇದ್ದಲ್ಲೇ ಇರುತ್ತೆ. ಎಷ್ಟು ನೋಡಿದ್ರೂ ಗ್ಯಾರಂಟಿ ಸಿಗದ ವಿಷಯದಲ್ಲಿ ಗ್ಯಾರಂಟಿ ಹುಡುಕೋದೇ ಈ ಆತಂಕದ ಮೂಲ.

ಹಾಗಾಗಿ ಫೋನ್ ಎತ್ತೋ ಮುಂಚೆ ಒಂದೇ ಒಂದು ಪ್ರಶ್ನೆ: ಇದನ್ನ ಈಗ ನೋಡಿದ್ರೆ ನಾಳೆ ಬೆಳಗ್ಗೆ ಆರರೊಳಗೆ ನಾನು ಮಾಡೋ ಕೆಲಸ ಬದಲಾಗುತ್ತಾ? ಕಣದಲ್ಲಿ ಕಾಫಿ ಹರಡಿದೆ, ರಾತ್ರಿ ಮಳೆ ಬಂದ್ರೆ ಟಾರ್ಪಾಲ್ ಹೊದಿಸ್ಬೇಕು ಅಂದ್ರೆ ಬದಲಾಗುತ್ತೆ, ನೋಡಿ. ಹತ್ತು ದಿನ ಬಿಟ್ಟು ಬರೋ ಮಳೆ ರಾತ್ರಿ ಹನ್ನೊಂದಕ್ಕೆ ನಿಮ್ಮಿಂದ ಏನನ್ನೂ ಕೇಳ್ತಿಲ್ಲ.

ಕಡಿಮೆ ಮಾಡೋ ಕ್ರಮ ಹೀಗೆ. ಮೊದಲ ಮೂರು ದಿನ ಏನೂ ಕಡಿಮೆ ಮಾಡಬೇಡಿ, ಎಣಿಸಿ ಅಷ್ಟೇ. ಅಂಗಿ ಜೇಬಲ್ಲಿ ಒಂದು ಚೀಟಿ, ನೋಡಿದಾಗೆಲ್ಲ ಒಂದು ಗೀಟು. ಹದಿನೈದು ಸಲ ಇರಬಹುದು ಅಂದ್ಕೊಂಡೋರ ಚೀಟೀಲಿ ಐವತ್ತು ಗೀಟು ಇರೋದು ಅಪರೂಪ ಏನಲ್ಲ. ನಾಲ್ಕನೇ ದಿನದಿಂದ ಅರ್ಧಕ್ಕೆ ಇಳಿಸಿ, ನಾಲ್ಕೈದು ದಿನ ಬಿಟ್ಟು ಮತ್ತೆ ಅರ್ಧ. ಕೊನೆಗೆ ನಿಲ್ಲಬೇಕಾದ್ದು: ಹವಾಮಾನ ಬೆಳಗ್ಗೆ ಆರೂವರೆ, ಸಂಜೆ ಆರು, ಎರಡೇ ಸಲ, ಒಂದೇ ಮೂಲ. ರೇಟು ದಿನಕ್ಕೆ ಒಂದು ಸಲ. ಒಂದೇ ಏಟಿಗೆ ನಿಲ್ಲಿಸೋಕೆ ಹೋದೋರು ಸಾಮಾನ್ಯವಾಗಿ ಮೋಡ ಕಟ್ಟಿದ ಮೊದಲ ಸಂಜೆಯೇ ಸೋತು ಎರಡರಷ್ಟು ನೋಡ್ತಾರೆ.

ಮಧ್ಯದಲ್ಲಿ ಕೈ ತುರಿಸಿದ್ರೆ ಹತ್ತು ನಿಮಿಷ ಮುಂದೂಡಿ. ಆತಂಕಕ್ಕೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಬರೀರಿ, ಹತ್ತು ನಿಮಿಷ ಬಿಟ್ಟು ಮತ್ತೆ ಬರೀರಿ. ನೋಡದೇ ಇದ್ರೂ 8 ಇದ್ದಿದ್ದು 5ಕ್ಕೆ ಇಳಿದಿದ್ದು ನಿಮ್ಮ ಕೈಬರಹದಲ್ಲೇ ಕಾಣಬೇಕು. ನಾನು ಹೇಳಿದ್ರೆ ನಂಬಿಕೆ ಬರಲ್ಲ.

ಈಗ ಮೂರು ಗಂಟೆ ಲೆಕ್ಕ. ಇದಕ್ಕೆ ಮದ್ದು ಮೂರು ಗಂಟೇಲಿ ಇಲ್ಲ, ಸಂಜೆ ಐದೂವರೇಲಿ ಇದೆ. ದಿನಾ 20 ನಿಮಿಷ "ಚಿಂತೆ ಹೊತ್ತು" ಅಂತ ಇಟ್ಕೊಳ್ಳಿ. ಮಲಗೋಕೆ ಕನಿಷ್ಠ ಮೂರು ಗಂಟೆ ಮುಂಚೆ ಇರಬೇಕು. ಜಾಗ ಒಂದೇ ಇರಲಿ, ಹಾಸಿಗೆ ಬೇಡ, ದಿನಾ ಆರಾಮಾಗಿ ಕೂರೋ ಜಗಲಿ ಕುರ್ಚೀನೂ ಬೇಡ. ದಿನವಿಡೀ ಬಂದ ಚಿಂತೆಗೆಲ್ಲ ಎರಡೇ ಪದ ಬರೆದಿಟ್ಟು ಮುಂದಿನ ಕೆಲಸ ನೋಡಿ: "ಬ್ಯಾಕಿಂಗ್ ನೀರು" (ಹೂ ಅರಳಿದ ಮೇಲೆ ಕಾಯಿ ಕಟ್ಟೋಕೆ ಕೊಡೋ ಎರಡನೇ ನೀರು), "ಸೊಸೈಟಿ ಕಂತು". ಸಂಜೆ ಪುಸ್ತಕ ತೆಗೆದು ಒಂದೊಂದನ್ನೂ ಎರಡರಲ್ಲೊಂದು ಸಾಲಿಗೆ ಹಾಕಿ. ಕೈಲಿ ಕೆಲಸ ಇರೋದು ಒಂದು ಸಾಲು: ಮುಂದಿನ ಹೆಜ್ಜೆ ಏನು, ಯಾವತ್ತು, ಯಾರಿಂದ. ಕೈಲಿ ಕೆಲಸವೇ ಇಲ್ಲದ್ದು ಇನ್ನೊಂದು: "ಏಪ್ರಿಲ್ ಮಳೆ ಕೈಕೊಟ್ರೆ?" ಅದನ್ನ ಪ್ರಶ್ನೆಯಾಗೇ ಬರೆದು ಪ್ರಶ್ನೆಯಾಗೇ ಬಿಡಿ. ಉತ್ತರ ಬರೆಯೋಕೆ ಹೋದ್ರೆ ಪುಟ ತುಂಬುತ್ತೆ, ಹೊರತು ಬೇರೇನೂ ಆಗಲ್ಲ.

ಕೆಡೋದು ಎಲ್ಲಿ ಅಂದ್ರೆ, ಜನ ಇದನ್ನ ಬರೀದೆ ತಲೇಲೇ ಮಾಡ್ತಾರೆ. ಇಲ್ಲಾ ಊಟ ಆದ್ಮೇಲೆ ಮಾಡ್ತಾರೆ. ಇಲ್ಲಾ ಚಿಂತೆ ಇಲ್ಲದ ದಿನ ಬಿಟ್ಟುಬಿಡ್ತಾರೆ. ಖಾಲಿ ದಿನವೂ ಐದು ನಿಮಿಷ ಕೂರಬೇಕು. "ನಾಳೆ ಐದೂವರೆಗೆ ಜಾಗ ಇದೆ" ಅನ್ನೋ ನಂಬಿಕೆ ಇದ್ರೇನೇ ರಾತ್ರಿ ಮೂರಕ್ಕೆ ಮನಸ್ಸು ಬಿಟ್ಟುಕೊಡೋದು. ಎರಡು ಮೂರು ವಾರ ಹಿಡಿಯುತ್ತೆ.

ಆನೆ ವಿಷಯ ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಅದು ಆತಂಕ ಅಲ್ಲ, ಭಯ, ಸರಿಯಾದ ಭಯ. ಅದನ್ನ ಕಡಿಮೆ ಮಾಡ್ಕೊಳ್ಳೋ ಅಭ್ಯಾಸ ಯಾರಾದ್ರೂ ಹೇಳಿಕೊಟ್ರೆ ಕಲೀಬೇಡಿ.

---

ಮೂಡಿಗೆರೆ_ಕಣ:

ಮೇಡಂ ಹೇಳಿದ "ಕೈಲಿ ಕೆಲಸ ಇರೋದು" ಸಾಲಿಗೆ ಸ್ವಲ್ಪ ಸೇರಿಸ್ತೀನಿ. ಮೂರು ಗಂಟೆ ಲೆಕ್ಕ ಮುಗಿಯದೇ ಇರೋಕೆ ಅರ್ಧ ಕಾರಣ, ಆ ಲೆಕ್ಕವನ್ನ ಹಗಲಲ್ಲಿ ಯಾರೂ ಪೂರ್ತಿ ಮಾಡಿರೋದಿಲ್ಲ.

ಒಂದು ಎಕರೆಗೆ ಒಂದು ಇಂಚು ನೀರು ಅಂದ್ರೆ ಒಂದು ಲಕ್ಷ ಲೀಟರ್‌ಗೆ ಚೂರು ಮೇಲೆ. ನಾಲ್ಕು ಎಕರೆ ರೋಬಸ್ಟಾಗೆ ಹೂವಿನ ನೀರು ಒಂದು ಇಂಚು ಅಂದ್ರೆ ನಾಲ್ಕು ಲಕ್ಷ ಹೋಯ್ತು. ಹದಿನೈದು ಇಪ್ಪತ್ತು ದಿನ ಬಿಟ್ಟು ಬ್ಯಾಕಿಂಗ್‌ಗೆ ಅಷ್ಟೇ ಬೇಕು. ನಿಮ್ಮ ಹತ್ರ ಇರೋದು ಆರು. ಅಂದ್ರೆ ನಾಲ್ಕೂ ಎಕರೆಗೆ ಎರಡೂ ನೀರು ಆಗಲ್ಲ, ಮೂರು ಎಕರೆಗೆ ಆಗುತ್ತೆ, ಅದೂ ಗಾಳಿಗೆ, ಪೈಪ್ ಸೋರಿಕೆಗೆ ಹೋಗೋದು ಕಳೆದ್ರೆ ಮೂರಕ್ಕಿಂತ ಕಮ್ಮಿ. ನನ್ನ ಅಭಿಪ್ರಾಯ ಕೇಳಿದ್ರೆ, ನಾಲ್ಕು ಎಕರೆಗೆ ಹೂ ಬಿಡಿಸಿ ಬ್ಯಾಕಿಂಗ್ ಇಲ್ಲದೆ ಕಾಯಿ ಕಳ್ಕೊಳ್ಳೋದಕ್ಕಿಂತ ಎರಡೂವರೆ ಎಕರೆಗೆ ಎರಡೂ ನೀರು ಪೂರ್ತಿ ಕೊಡೋದು ವಾಸಿ. ಉಳಿದದ್ದು ಮಳೆಗೆ ಬಿಟ್ಟಿದ್ದು. ಅರೇಬಿಕಾ ಮಾರ್ಚ್ ಏಪ್ರಿಲ್ ಮಳೆಗೆ ಕಾಯುತ್ತೆ, ಅದನ್ನ ರಾತ್ರಿ ಲೆಕ್ಕಕ್ಕೆ ಎಳೀಬೇಡಿ.

ಇದನ್ನ ಒಂದು ಹಾಳೇಲಿ ಬರೆದು ಪಂಪ್‌ಹೌಸ್ ಬಾಗಿಲ ಹಿಂದೆ ಅಂಟಿಸಿ. ಮೂರೇ ವಾಕ್ಯ ಸಾಕು:

ಇಂಥ ತಾರೀಖಿನೊಳಗೆ ಮಳೆ ಬರದಿದ್ರೆ ತೋಟದ ಮೇಲಿನ ಪಟ್ಟಿಯಿಂದ ಸ್ಪ್ರಿಂಕ್ಲರ್ ಶುರು.
80 ಸೆಂಟ್ (ನೂರು ಸೆಂಟ್ ಅಂದ್ರೆ ಒಂದು ಇಂಚು) ಮೇಲೆ ಮಳೆ ಬಂದ್ರೆ ನೀರು ಬೇಡ, ಬ್ಯಾಕಿಂಗ್‌ಗೆ ಉಳಿಸು.
20ರಿಂದ 50 ಸೆಂಟ್ ಬಂದು ನಿಂತ್ರೆ ಎರಡು ಮೂರು ದಿನದೊಳಗೆ ಕೊರತೆಯಷ್ಟು ನೀರು ಕೊಡು.

ತಾರೀಖು ನಿಮ್ಮ ಮೊಗ್ಗು ನೋಡಿ ಫೆಬ್ರವರಿಯಲ್ಲೇ ಹಾಕಿ. ಮೂರನೇ ವಾಕ್ಯ ಎಲ್ಲಕ್ಕಿಂತ ಮುಖ್ಯ. ಮಳೆ ಬರದೇ ಇದ್ರೆ ಮೊಗ್ಗು ಸುಮ್ಮನೆ ಇರುತ್ತೆ. ಅರೆಬರೆ ಬಂದ್ರೆ ಮೊಗ್ಗು ಎಚ್ಚರಾಗಿ ಅರ್ಧಕ್ಕೆ ನಿಂತು ಹೂ ಸರಿಯಾಗಿ ಅರಳಲ್ಲ. ಜನ ಅದೇ ದಿನ "ಅಬ್ಬಾ, ಮಳೆ ಬಂತು" ಅಂತ ಮಲಗಿಬಿಡ್ತಾರೆ. ನಿದ್ದೆ ಕೆಡಿಸ್ಕೊಳ್ಳಲೇಬೇಕು ಅಂದ್ರೆ ಆ ದಿನ ಕೆಡಿಸ್ಕೊಳ್ಳಿ.

ಮಳೆ ಮಾಪಕ ನಿಮ್ಮ ತೋಟದಲ್ಲೇ ಇರಲಿ, ಮರದ ನೆರಳು ತಾಗದ ಜಾಗದಲ್ಲಿ, ದಿನಾ ಬೆಳಗ್ಗೆ ಎಂಟೂವರೆಗೆ ಅಳೀರಿ. ಪಕ್ಕದ ಎಸ್ಟೇಟ್‌ಗೆ ಬಂದ 90 ಸೆಂಟ್ ನಿಮಗೆ 15 ಆಗಿರಬಹುದು. ಮಲೆನಾಡಲ್ಲಿ ಬೇಸಿಗೆ ಮಳೆ ಗುಡ್ಡ ನೋಡ್ಕೊಂಡು ಬೀಳುತ್ತೆ, ಆ್ಯಪ್ ನೋಡ್ಕೊಂಡು ಅಲ್ಲ. ಸ್ಪ್ರಿಂಕ್ಲರ್ ಹೊಡೆಯುವಾಗಲೂ ಅಷ್ಟೇ, ನೇರ ಗೋಡೆಯ ನಾಲ್ಕು ಡಬ್ಬಿ ಬೇರೆ ಬೇರೆ ದೂರಕ್ಕಿಟ್ಟು ಸ್ಕೇಲ್ ಇಳಿಸಿ ನೋಡಿ, 25 ಮಿಲಿಮೀಟರ್ ಆಯ್ತಾ ಅಂತ.

ರೇಟು. ರೋಬಸ್ಟಾ ಲಂಡನ್‌ನಲ್ಲಿ, ಅರೇಬಿಕಾ ನ್ಯೂಯಾರ್ಕ್‌ನಲ್ಲಿ ಏರಿಳಿಯೋದು; ನಮ್ಮ ಕಡೆ ವ್ಯಾಪಾರಿ ಅದನ್ನ ನೋಡಿ ಬೆಳಗ್ಗೆ ರೇಟು ಹೇಳ್ತಾನೆ. ರಾತ್ರಿ ಹತ್ತಕ್ಕೆ ಆ ಏರಿಳಿತ ನೋಡಿದ್ರೂ ನಿಮ್ಮ ಚೀಲ ತಗೊಳ್ಳೋಕೆ ಆ ಹೊತ್ತಲ್ಲಿ ಯಾರೂ ಗೋಡೌನ್ ಬಾಗಿಲು ತೆಗೆಯಲ್ಲ. ಬೆಳಗ್ಗೆ ಹತ್ತೂವರೆಗೆ ಒಂದು ಸಲ, ಸಾಕು. ಬ್ರೆಜಿಲ್‌ನಲ್ಲಿ ಜೂನ್‌ನಿಂದ ಆಗಸ್ಟ್ ತನಕ ಚಳಿಗಾಲ, ಆಗ ಹಿಮ ಬಿತ್ತು ಅನ್ನೋ ಸುದ್ದಿಗೆ ರೇಟು ಜಿಗಿಯುತ್ತೆ. ಅಲ್ಲಿ ಹಿಮ ಬಿದ್ರೆ ಹಾನುಬಾಳಲ್ಲಿ ನಿದ್ದೆಗೆಡಬೇಕು ಅಂತ ಏನಿಲ್ಲ.

ಮಾರೋದನ್ನ ರೇಟಿಗೆ ಕಟ್ಟಬೇಡಿ, ತಾರೀಖಿಗೆ ಕಟ್ಟಿ. ಮೂರು ಕಂತು. ಮೊದಲನೇದು ಕೂಲಿ ಬಾಕಿ, ಸಾಲದ ಕಂತು, ಗೊಬ್ಬರಕ್ಕೆ ಎಷ್ಟು ಬೇಕೋ ಅಷ್ಟು ಚೀಲ, ರೇಟು ಎಷ್ಟೇ ಇರಲಿ. ಎರಡನೇದಕ್ಕೆ ಏಪ್ರಿಲ್‌ನಲ್ಲಿ ಒಂದು ದಿನ. ಮೂರನೇದು ಮೇ ಕೊನೆ ಒಳಗೆ. ಮುಂಗಾರಿನ ಥಂಡಿಗೆ ಗೋಡೌನ್ ಒಳಗಿನ ಕಾಫಿ ನೀರು ಹೀರುತ್ತೆ, ಬಣ್ಣ ಹೋಗುತ್ತೆ, ಬೂಷ್ಟು ಬರುತ್ತೆ, ಅದಕ್ಕೇ ಆ ಗಡುವು. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ) ಆಗಿದ್ರೆ ಇನ್ನೂ ಬೇಗ. ಹೀಗೆ ಮಾರಿದ್ರೆ ಅತಿ ಹೆಚ್ಚಿನ ರೇಟು ಸಿಗೋದಿಲ್ಲ, ಅದನ್ನ ಮೊದಲೇ ಒಪ್ಕೊಂಡಿರಿ. ಪೂರ್ತಿ ಬೆಳೆ ಅತಿ ಕಡಿಮೆ ರೇಟಿಗೆ ಹೋಗೋದೂ ಇಲ್ಲ. ಮಾರಿದ ಚೀಲದ ರೇಟನ್ನ ಮಾರನೇ ದಿನ ನೋಡೋದು ಮಾತ್ರ ಮಹಾ ಕೆಟ್ಟ ಚಟ. ಚೀಟಿ ಬರೆಸ್ಕೊಂಡ ಮೇಲೆ ಆ ಗುಂಪನ್ನ ಮುಂದಿನ ಕಂತಿನ ತಾರೀಖಿನ ತನಕ ಮ್ಯೂಟ್ ಮಾಡಿ.

---

ಬಿಳಿಕಲ್ಲು:

ಇಷ್ಟೆಲ್ಲ ಯಾಕೆ ಸಾರ್, ಬೆಳಗ್ಗೆ ಎದ್ದು ಪ್ರಾಣಾಯಾಮ ಮಾಡಿ, ದೀರ್ಘವಾಗಿ ಉಸಿರು ತಗೊಳ್ಳಿ, ಎಲ್ಲ ಸರಿಹೋಗುತ್ತೆ.

---

ಆಪ್ತಸಮಾಲೋಚಕಿ_ಹಾಸನ:

ಉಸಿರಾಟ ಕೆಲಸ ಮಾಡುತ್ತೆ, "ದೀರ್ಘವಾಗಿ ತಗೊಳ್ಳಿ" ಅನ್ನೋದರಲ್ಲೇ ತಪ್ಪಾಗೋದು. ಆತಂಕ ಇರೋರು ಮೊದಲೇ ಹೆಚ್ಚು ಗಾಳಿ ಎಳೀತಿರ್ತಾರೆ. ಅದರ ಮೇಲೆ ದೊಡ್ಡ ದೊಡ್ಡ ಉಸಿರು ಎಳೆದ್ರೆ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಇಳಿದು ತಲೆ ತಿರುಗುತ್ತೆ, ತುಟಿ, ಬೆರಳ ತುದಿ ಜುಮ್ ಅನ್ನುತ್ತೆ. "ಹಾರ್ಟ್ ಅಟ್ಯಾಕ್ ಆಯ್ತು" ಅಂತ ಗಾಬರಿ ಬೀಳೋದು ಆಗಲೇ.

ಒಳಗೆ ಸಾಧಾರಣ ಉಸಿರು, ಮೂಗಿಂದ, ನಾಲ್ಕು ಎಣಿಸೋಷ್ಟು. ಹೊರಗೆ ನಿಧಾನ, ಆರು ಎಣಿಸೋಷ್ಟು. ನಿಮಿಷಕ್ಕೆ ಆರು ಉಸಿರು. ಒಂದು ಕೈ ಹೊಟ್ಟೆ ಮೇಲೆ, ಒಂದು ಎದೆ ಮೇಲೆ ಇಟ್ರೆ ಎದೆ ಮೇಲಿನ ಕೈ ಹೆಚ್ಚು ಕದಲಬಾರದು. ಐದು ನಿಮಿಷ, ದಿನಕ್ಕೆ ಎರಡು ಸಲ, ಸಮಾಧಾನವಾಗಿರೋ ಹೊತ್ತಲ್ಲೇ ರೂಢಿ ಮಾಡಿ. ಈಜು ಕಲಿಯೋದು ಹೊಳೆ ತುಂಬಿದ ದಿನ ಅಲ್ಲ.

---

ಪಿಎಚ್‌ಸಿ_ವೈದ್ಯೆ:

ಮೂರನೇ ಪ್ರಶ್ನೆಗೆ ಬರ್ತೀನಿ. ಎದೆ ಹೊಡ್ಕೊಳ್ಳುತ್ತೆ ಅಂದಿದ್ದೀರಿ. ಎಲ್ಲಾನೂ ಮನಸ್ಸಿನ ಲೆಕ್ಕಕ್ಕೆ ಬರೀಬೇಡಿ. ಒಂದು ಇಸಿಜಿ, ಥೈರಾಯ್ಡ್ ಪರೀಕ್ಷೆ, ಹಿಮೋಗ್ಲೋಬಿನ್, ಸಕ್ಕರೆ, ಬಿಪಿ ತಾಲ್ಲೂಕು ಆಸ್ಪತ್ರೇಲಿ ಮಾಡಿಸ್ಕೊಳ್ಳಿ. ಥೈರಾಯ್ಡ್ ಹೆಚ್ಚಾದ್ರೂ, ರಕ್ತ ಕಮ್ಮಿಯಾದ್ರೂ ಎದೆ ಹೀಗೇ ಹೊಡ್ಕೊಳ್ಳುತ್ತೆ. ಗುಡ್ಡ ಹತ್ತುವಾಗ ಎದೆ ಹಿಡ್ಕೊಂಡ್ರೆ, ನೋವು ಎಡಗೈಗೋ ದವಡೆಗೋ ಹರಡಿ ಬೆವರು ಕಿತ್ತರೆ ಉಸಿರಾಟದ ಅಭ್ಯಾಸ ಮಾಡ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಕಾಫಿ ಊರಲ್ಲಿ ಈ ಮಾತು ಹೇಳಿದ್ರೆ ಬೈತೀರಿ, ಆದ್ರೂ ಹೇಳ್ತೀನಿ. ರೋಬಸ್ಟಾದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತೆ. ಒಳ್ಳೆ ಅರೇಬಿಕಾ ಎಲ್ಲ ಮಾರಿ ಮನೆಗೆ ರೋಬಸ್ಟಾ ಉಳಿಸ್ಕೊಳ್ಳೋ ಮನೆಗಳೇ ಹೆಚ್ಚು. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯೋಕೆ ಸುಮಾರು ಐದು ಗಂಟೆ ಬೇಕು, ಸಂಜೆ ಐದರ ಲೋಟದ ಅರ್ಧ ರಾತ್ರಿ ಹತ್ತಕ್ಕೂ ಒಳಗಿರುತ್ತೆ. ಮಧ್ಯಾಹ್ನ ಹನ್ನೆರಡರ ಮೇಲೆ ಬೇಡ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಆದ್ರಿಂದ ಚಿಕೋರಿ ಬೆರೆಸಿದ ಪುಡಿ ಈ ವಿಷಯದಲ್ಲಿ ವಾಸಿ. ಆರು ಲೋಟ ಕುಡಿಯೋರು ಒಂದೇ ದಿನ ನಿಲ್ಲಿಸಿದ್ರೆ ತಲೆನೋವು ಬರುತ್ತೆ. ಎರಡು ಮೂರು ದಿನಕ್ಕೊಂದು ಲೋಟ ಇಳಿಸಿ.

ರಾತ್ರಿ "ನಿದ್ದೆಗೆ ಅಂತ" ಎರಡು ಪೆಗ್ ಹಾಕೋ ರೂಢಿ ಇದ್ರೆ ನಿಮ್ಮ ಮೂರು ಗಂಟೆಗೆ ಅದೂ ಕಾರಣ ಇರಬಹುದು. ಮದ್ಯ ಬೇಗ ಮಲಗಿಸುತ್ತೆ, ಇಳಿಯೋ ಹೊತ್ತಿಗೆ ನಿದ್ದೆ ಒಡೆಯುತ್ತೆ, ಎದೆಬಡಿತ ಏರಿಸುತ್ತೆ. ದಿನಾ ಜಾಸ್ತಿ ಕುಡಿಯೋರು ತಾವಾಗೇ ಥಟ್ಟನೆ ನಿಲ್ಲಿಸಬೇಡಿ, ನಡುಕ, ಫಿಟ್ಸ್ ಬರಬಹುದು. ಡಾಕ್ಟ್ರಿಗೆ ಹೇಳಿ ನಿಲ್ಲಿಸಿ.

ಎಚ್ಚರ ಆಯ್ತು, ಇಪ್ಪತ್ತು ನಿಮಿಷದಷ್ಟು ಹೊತ್ತಾದ್ರೂ ನಿದ್ದೆ ಬರಲಿಲ್ಲ ಅಂದ್ರೆ ಹಾಸಿಗೆ ಬಿಟ್ಟು ಏಳಿ. ಗಡಿಯಾರ ಗೋಡೆ ಕಡೆ ತಿರುಗಿಸಿಡಿ, ಹೊತ್ತು ಅಂದಾಜೇ ಸಾಕು. ಮಂದ ದೀಪ, ಬೇಜಾರಾಗೋ ಕೆಲಸ: ಮೆಣಸಿನ ಕಾಳು ಆರಿಸೋದು, ಬಟ್ಟೆ ಮಡಿಸೋದು. ತೂಕಡಿಕೆ ಬಂದ್ರೆ ಮಾತ್ರ ಹಾಸಿಗೆಗೆ. ಫೋನ್ ಬೇಡ. ಅಂಗಳದಲ್ಲಿ ಓಡಾಡೋ ಸಲಹೆ ಬೇರೆ ಊರಿನವರಿಗೆ, ನಿಮಗಲ್ಲ. ಬೆಳಗ್ಗೆ ಏಳೋ ಸಮಯ ಮಾತ್ರ ಬದಲಾಗಬಾರದು, ರಾತ್ರಿ ಎಷ್ಟೇ ಕೆಟ್ಟಿರಲಿ.

ಡಾಕ್ಟ್ರ ಹತ್ರ ಯಾವಾಗ? ಜಿಎಡಿ-7 ಅಂತ ಏಳು ಪ್ರಶ್ನೆಯ ಪಟ್ಟಿ ಇದೆ. ಹಿಂದಿನ ಎರಡು ವಾರದಲ್ಲಿ ಚಡಪಡಿಕೆ, ಚಿಂತೆ ನಿಲ್ಲಿಸೋಕಾಗದೇ ಇರೋದು, ಸಿಡುಕು, ಏನೋ ಕೆಟ್ಟದ್ದಾಗುತ್ತೆ ಅನ್ನೋ ಭಯ ಇಂಥವು ಎಷ್ಟು ದಿನ ಇತ್ತು ಅಂತ ಕೇಳುತ್ತೆ. ಒಂದೊಂದಕ್ಕೆ 0ಯಿಂದ 3, ಒಟ್ಟು 21. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದ್ರೆ ತೋರಿಸ್ಕೊಳ್ಳಿ. ಅಂಕ ಕಮ್ಮಿ ಇದ್ರೂ ಕೆಲಸಕ್ಕೆ ಇಳಿಯೋಕೆ ಆಗ್ತಿಲ್ಲ, ಊಟ ಸೇರ್ತಿಲ್ಲ, ಯಾವುದರಲ್ಲೂ ಆಸೆ ಇಲ್ಲ ಅಂದ್ರೂ ಬನ್ನಿ. ನಸುಕಲ್ಲಿ ಎಚ್ಚರಾಗೋದು ಖಿನ್ನತೆಯ ಲಕ್ಷಣವೂ ಹೌದು.

ಹಾಸನದಲ್ಲಿ ಹಿಮ್ಸ್‌ನ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ಮನೋವೈದ್ಯಕೀಯ ವಿಭಾಗ, ಚಿಕ್ಕಮಗಳೂರಿನವರಿಗೆ ಜಿಲ್ಲಾ ಆಸ್ಪತ್ರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ (ಮಾನಸಿಕ ಆರೋಗ್ಯದ) ಕ್ಲಿನಿಕ್ ಇರುತ್ತೆ, ನಿಮ್ಮಲ್ಲಿ ಯಾವ ಮಂಗಳವಾರ ಅಂತ ಮೊದಲೇ ಫೋನ್ ಮಾಡಿ ಕೇಳಿ. ರಾತ್ರಿ ಮೂರಕ್ಕೇ ಮಾತಾಡಬೇಕು ಅನ್ನಿಸಿದ್ರೆ ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, 14416, ದಿನದ 24 ಗಂಟೆಯೂ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಾತ್ರೆ. ಎಸ್ಸಿಟಾಲೋಪ್ರಾಮ್, ಸರ್ಟ್ರಲಿನ್ ತರದವು ಚಟ ಹಿಡಿಸಲ್ಲ, ಆದ್ರೆ ಹಿಡಿತ ಸಿಗೋಕೆ ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸು, ಚಡಪಡಿಕೆ ಸ್ವಲ್ಪ ಹೆಚ್ಚೇ ಆಗಬಹುದು. ಬಹಳ ಜನ ಅಲ್ಲೇ ಬಿಟ್ಟುಬಿಡ್ತಾರೆ. ವಾಸಿಯಾದ ಮೇಲೂ ಕನಿಷ್ಠ ಆರು ತಿಂಗಳು ತಗೊಳ್ಳಬೇಕು, ಬಿಡೋದೂ ಡಾಕ್ಟ್ರು ಹೇಳಿದ ಹಾಗೆ ನಿಧಾನವಾಗಿ. ಆಲ್‌ಪ್ರಜೋಲಮ್, ಕ್ಲೋನಾಜೆಪಾಮ್ ಬೇರೆ ಜಾತಿ. ಅರ್ಧ ಗಂಟೇಲಿ ಹಾಯಾಗುತ್ತೆ, ಕೆಲವು ವಾರ ದಾಟಿದ್ರೆ ಬಿಡೋಕೆ ಕಷ್ಟ. ಪಕ್ಕದ ಮನೆಯವರ ಚೀಟಿ ತೋರಿಸಿ ತಗೊಳ್ಳೋದು, ಮದ್ಯದ ಜೊತೆ ನುಂಗೋದು, ಎರಡೂ ಬೇಡ.

ಇನ್ನೊಂದು, ಕೇಳದೇ ಇದ್ರೂ ಹೇಳಬೇಕಾದ್ದು. "ಇದ್ದೇನು ಪ್ರಯೋಜನ" ಅನ್ನೋ ಯೋಚನೆ ಒಂದು ಸಲ ಬಂದಿದ್ರೂ ತೋಟದ ಔಷಧಿ ಕೋಣೆಗೆ ಬೀಗ ಹಾಕಿ ಕೀಲಿ ಬೇರೆ ಮನೆಯಲ್ಲಿ ಇಡಿ, ಮನೆಯವರಿಗೆ ಹೇಳಿ, ಅದೇ ದಿನ 14416ಕ್ಕೆ ಫೋನ್ ಮಾಡಿ. ಆ ಯೋಚನೆಯ ತೀವ್ರತೆ ಹೆಚ್ಚಿನ ಸಲ ಸ್ವಲ್ಪ ಹೊತ್ತಲ್ಲಿ ಇಳಿಯುತ್ತೆ. ಆ ಹೊತ್ತಲ್ಲಿ ಕೈಗೆ ಸಿಗದಂತೆ ಇಡೋದು ಜೀವ ಉಳಿಸುತ್ತೆ.

---

ಹಾನುಬಾಳು_ರೋಬಸ್ಟಾ:

ಎಲ್ಲರಿಗೂ ಧನ್ಯವಾದ. ಚೀಟಿ ಜೇಬಿಗೆ ಹಾಕಿದ್ದೀನಿ. ಒಂದು ಅನುಮಾನ: ರಾತ್ರಿ ಫೋನ್ ದೂರ ಇಡಿ ಅಂತೀರಿ, ಆನೆ ಗುಂಪು ನೋಡದೆ ಇರೋದು ಹೇಗೆ?

---

ಮೂಡಿಗೆರೆ_ಕಣ:

ಗುಂಪು ನೋಡೋದು ಬೇಡ, ಫೋನ್ ಬರೋ ಹಾಗೆ ಮಾಡ್ಕೊಳ್ಳಿ. ಹತ್ತಿರದ ಐದು ಮನೆ ಸೇರಿ ಸರದಿ ಹಾಕಿ, ರಾತ್ರಿಗೆ ಒಬ್ಬರು ಮಾತ್ರ ಗುಂಪು ನೋಡ್ತಾರೆ. ನಿಮ್ಮ ದಾರಿಗೋ ಮನೆ ಹತ್ರಕ್ಕೋ ಆನೆ ಬಂದ್ರೆ ಮೆಸೇಜ್ ಅಲ್ಲ, ಕರೆ. ಉಳಿದ ನಾಲ್ಕು ಮನೆಯವರು ಮಲಗಬಹುದು.

ಫೋನಲ್ಲಿ: ಸೆಟ್ಟಿಂಗ್ಸ್, ಡು ನಾಟ್ ಡಿಸ್ಟರ್ಬ್. ರಾತ್ರಿ ಒಂಬತ್ತೂವರೆಯಿಂದ ಬೆಳಗ್ಗೆ ಐದೂಮುಕ್ಕಾಲು. ಅದರೊಳಗೆ ಸ್ಟಾರ್ ಹಾಕಿದ ನಂಬರ್‌ಗಳ ಕರೆಗೆ ಮಾತ್ರ ಅನುಮತಿ ಕೊಡಿ. ಸರದಿಯ ಐದು ಮನೆ, ಅರಣ್ಯ ಇಲಾಖೆಯ ಸ್ಥಳೀಯ ಸಿಬ್ಬಂದಿ, ಮೇಸ್ತ್ರಿ, ಇಷ್ಟೇ ಸ್ಟಾರ್. ಒಂದು ಸಲ ಪರೀಕ್ಷೆ ಮಾಡಿ ನೋಡಿ. ಮೆಸೇಜ್ ಸದ್ದು ನಿಲ್ಲಿಸೋಕೆ ಹೋಗಿ ಕರೆ ಸದ್ದನ್ನೂ ನಿಲ್ಲಿಸಿರೋರು ಇದ್ದಾರೆ. ಫೋನ್ ಪಕ್ಕದ ಕೋಣೇಲಿ, ಬಾಗಿಲು ತೆರೆದು, ಗಂಟೆ ಸದ್ದು ಪೂರ್ತಿ ಏರಿಸಿ.

ಸಂಜೆ ಬಂದ ಜಾಗದ ಮಾಹಿತಿ ಬೆಳಗ್ಗೆಗೆ ಹಳೇದು, ಆನೆ ರಾತ್ರಿಯೆಲ್ಲ ನಡೆಯುತ್ತೆ. ಬೆಳಕು ಹರಿದು, ಹೊಸ ಸುದ್ದಿ ಬಂದ ಮೇಲೇ ಕೆಲಸ ಶುರು. ಆರು ಗಂಟೆಗೆ ಮೇಸ್ತ್ರಿಗೆ ಒಂದು ಕರೆ, ಬರಬಹುದು ಅಥವಾ ಎಂಟೂವರೆಗೆ ಬನ್ನಿ. ತಡವಾಗಿ ಬಂದ ದಿನದ ಕೂಲಿ ಕಡೀಬೇಡಿ. ಕಡಿದ್ರೆ ಮುಂದಿನ ಸಲ ಆನೆ ಇದ್ರೂ ಹೇಳದೆ ಏಳಕ್ಕೇ ಬಂದುಬಿಡ್ತಾರೆ.